ಪಂಡಿತಾ ರಮಾಬಾಯಿಯವರೂ ಅವರ ಕೈಯಲ್ಲಿದ್ದ ಸೊತ್ತೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿರುವ ವಿಶ್ವಾಸಿಗಳ ಮನೆಗಳಿಗೆ ನಾವು ಹೋಗುವಾಗ ಸೊತ್ತಿನ ವಿಷಯವಾಗಿ ಎರಡು ವಿಧವಾದ ಮಾತುಗಳನ್ನು ಕೇಳುತ್ತೇವೆ. ಕ್ರಿಸ್ತನನ್ನು ಹಿಂಬಾಲಿಸುವವನು ಹೊಲಮನೆಗಳ ಚಿಂತೆಯನ್ನೇ ಬಿಡತಕ್ಕದ್ದೆಂದೂ, ನಾಳಿನ ಲೆಕ್ಕವನ್ನಿಡುವುದು ಅವಿಶ್ವಾಸವೆಂದೂ ಕೆಲವರು ಎಣಿಸುತ್ತಾರೆ. ಬೇರೆ ಕೆಲವರು ಕೆರೆ ತುಂಬಿ ಭತ್ತವು ಚೆನ್ನಾಗಿ ಬಂದ ವರುಷ ಮಗಳ ಮದುವೆಯನ್ನು ಊರೆಲ್ಲಾ ಬೆರಗಾಗುವಂತೆ ಮಾಡಿ, ಮಳೆ ತಪ್ಪಿದ ವರುಷ ಸಾಹುಕಾರನ ಬಾಗಿಲಲ್ಲಿ ನಿಂತು, ಎಲ್ಲಾ ದೇವರ ಚಿತ್ತವೆಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಈ ಎರಡು ಪಕ್ಷದವರೊಡನೆ ವಾದಮಾಡುವುದಕ್ಕಿಂತಲೂ, ಸೊತ್ತಿಲ್ಲದ ಕಷ್ಟವನ್ನೂ ಬಹಳ ಸೊತ್ತನ್ನು ಆಳುವ ಭಾರವನ್ನೂ ಬಲ್ಲವರಾಗಿದ್ದ ಒಬ್ಬ ಸ್ತ್ರೀಯ ಜೀವಿತವನ್ನು ಪ್ರಿಯ ವಾಚಕರ ಮುಂದಿಡುವುದು ಒಳ್ಳೇದೆಂದು ನಮಗೆ ತೋರಿತು. ಆಕೆಯ ಹೆಸರು ಪಂಡಿತಾ ರಮಾಬಾಯಿ. ಹೆಸರನ್ನು ಕೇಳಿದವರು ಅನೇಕರಿದ್ದಾರೆ. ಆಕೆಯ ಮನೆತನವು ಹೇಗೆ ಬಡತನಕ್ಕೆ ಬಂತೆಂಬುದನ್ನು ತಿಳಿದವರು ಸ್ವಲ್ಪ ಜನರೇ.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ನೆಯ ತಾರೀಖಿನಲ್ಲಿ ಕನ್ನಡ ನಾಡಿನಲ್ಲಿಯೇ ಹುಟ್ಟಿದರು. ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳವೆಂಬ ಊರಿನ ಚಿತ್ಪಾವನ ಬ್ರಾಹ್ಮಣರು. ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಮನೆಯೊಳಗಿನ ಮಾತು ಮರಾಠಿಯಾಗಿದ್ದರೂ ರಮಾಬಾಯಿಯವರಿಗೆ ಕನ್ನಡವೂ ಬರುತ್ತಿತ್ತು. ಹೆಂಗಸರು ದೇವಭಾಷೆಯನ್ನು ಕಲಿಯಬಾರದೆಂಬ ಕಟ್ಟನ್ನು ಶಾಸ್ತ್ರಿಗಳು ಒಪ್ಪದೆ ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ತಾವೇ ಸಂಸ್ಕೃತವನ್ನು ಕಲಿಸಿದರು. ಅದರ ನಿಮಿತ್ತ ಜಾತಿಯವರಿಂದ ತೊಂದರೆ ಹುಟ್ಟಿತು. ಆಗ ಅವರು ಊರನ್ನು ಬಿಟ್ಟು, ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲವೆಂಬ ಘಟ್ಟದ ಕಾಡಿನಲ್ಲಿ ಮನೆಯನ್ನು ಕಟ್ಟಿಕೊಂಡರು. ಹುಲಿಗಳ ಕೂಗು ಕೇಳಿಬರುವ ಆ ಕಾಡಿನಲ್ಲಿಯೇ ರಮಾಬಾಯಿಯವರ ಜನನ. ಹಿರೇಕೆರೂರು ತಾಲ್ಲೂಕಿಗೆ ದೂರವಲ್ಲದೆ ಹರಿಯುವ ತುಂಗಭದ್ರೆಯ ನೀರನ್ನು ಕಂಡವರು, ಅದು ಹೊರಟುಬರುವ ಸ್ಥಳದಲ್ಲಿ ಈ ಮಗುವೂ ಹುಟ್ಟಿತೆಂದು ನೆನಸಿಕೊಳ್ಳಬಹುದು.

ಗಂಗಾಮೂಲವು ಯಾತ್ರೆಯ ಸ್ಥಳ. ಹೀಗಿರಲಾಗಿ ಯಾತ್ರಿಕರೂ ವಿದ್ಯಾರ್ಥಿಗಳೂ ಶಾಸ್ತ್ರಿಗಳ ಮನೆಗೆ ಎಡೆಬಿಡದೆ ಬರುತ್ತಿದ್ದರು. ಬಂದವರಿಗೆ ಊಟವಿಲ್ಲವೆಂದು ಹೇಳುವ ಪದ್ಧತಿಯು ಆ ಮನೆಯಲ್ಲಿ ಇರಲಿಲ್ಲ. ಅವರಿಗೆ ಊರಿನಲ್ಲಿ ಭತ್ತದ ಗದ್ದೆಗಳೂ ತೆಂಗಿನ ತೋಟಗಳೂ ಇದ್ದವು. ಅತಿಥಿಸತ್ಕಾರದ ವೆಚ್ಚಕ್ಕೆ ಆ ಹುಟ್ಟುವಳಿ ಸಾಲದೆ ಹೋಗಿ ಸಾಲವು ಬೆಳೆಯಿತು. ಸಾಲಕ್ಕಾಗಿ ಭೂಮಿಯು ಕೈಬಿಟ್ಟಿತು. ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಕುಟುಂಬವೆಲ್ಲಾ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಒಬ್ಬ ಆಳು ತಲೆಯ ಮೇಲೆ ಹೊತ್ತುಕೊಂಡು ಘಟ್ಟವನ್ನಿಳಿದನು. ಅಲ್ಲಿಂದ ಮುಂದಕ್ಕೆ ಬಹಳ ವರುಷ ಆ ಕುಟುಂಬಕ್ಕೆ ಸ್ಥಿರವಾದ ಮನೆಯೆಂಬುದು ಇರಲಿಲ್ಲ.

ಅವರು ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ಗುಡಿಯ ಅಂಗಳದಲ್ಲಿಯೋ ಹೊಳೆಯ ದಂಡೆಯಲ್ಲಿಯೋ ಕೂತು ಪುರಾಣಗಳನ್ನು ಓದುತ್ತಿದ್ದರು. ಕೇಳಿದವರು ಹೂವು, ಹಣ್ಣು, ಬಟ್ಟೆ, ಕಾಸು ಇವುಗಳನ್ನು ತಂದು ಗ್ರಂಥದ ಮುಂದೆ ಇಡುವರು. ಇದು ಭಿಕ್ಷವಲ್ಲ, ಪೌರಾಣಿಕರ ಜೀವನವೃತ್ತಿ. ಬಂದದ್ದರಲ್ಲಿ ಹೊಟ್ಟೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ತಂದೆತಾಯಿಗಳು ಬ್ರಾಹ್ಮಣರಿಗೂ ದೇವಾಲಯಗಳಿಗೂ ದಾನಮಾಡುತ್ತಿದ್ದರು. ಅದರ ನಡುವೆ ತಾಯಿಯು ನಸುಕಿನಲ್ಲಿಯೇ ಮಗಳನ್ನೆಬ್ಬಿಸಿ ಪಾಠವನ್ನು ಹೇಳಿಕೊಡುವಳು. ಹುಡುಗಿಯು ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದಳು. ಕೂಡಿಟ್ಟಿದ್ದ ಹಣವು ಕರಗುತ್ತಾ ಬಂದಂತೆ, ಹೆಚ್ಚಾಗಿ ಪೂಜೆಮಾಡಿದರೆ, ಹೆಚ್ಚಾಗಿ ದಾನಕೊಟ್ಟರೆ, ದೇವತೆಗಳು ಒಲಿದು ತಿರುಗಿ ಕೊಡುವರೆಂದು ಶಾಸ್ತ್ರಿಗಳು ನಂಬಿ ಇನ್ನೂ ಹೆಚ್ಚಾಗಿ ಕೊಟ್ಟರು. ಈ ಮುದುಕರನ್ನು ಹಾಸ್ಯಮಾಡುವುದು ನಮಗೆ ತಕ್ಕದ್ದಲ್ಲ. ನಮ್ಮೊಳಗೆ ಕಾಣಿಕೆಯನ್ನು ಹಾಕಿ ಅದಕ್ಕೆ ತಕ್ಕ ಮಳೆಯನ್ನು ಎದುರುನೋಡುವವರು ಇಲ್ಲವೋ? ಅವರಲ್ಲಿ ಲೋಭವಿರಲಿಲ್ಲ. ಹಾಗಾದರೂ ಒಂದು ಕೊರತೆಯು ಇತ್ತು. ಮಕ್ಕಳಿಗೆ ವಿದ್ಯೆಯನ್ನು ಕಲಿಸಿದರೇ ಹೊರತು ಕೈಯಿಂದ ಮಾಡುವ ಯಾವ ಕೆಲಸವನ್ನೂ ಕಲಿಸಲಿಲ್ಲ. ದುಡಿಮೆಯು ತಮ್ಮ ಕುಲಕ್ಕೆ ಕೀಳೆಂಬ ಎಣಿಕೆಯು ಆ ಉದಾರಿಗಳ ಮನಸ್ಸಿನಲ್ಲಿಯೂ ಇತ್ತು.

ಇದರ ಫಲವು ಬರಗಾಲದಲ್ಲಿ ತೋರಿಬಂತು. ಮದ್ರಾಸು ಸೀಮೆಯಲ್ಲಿ ಧಾನ್ಯದ ಕೊರತೆಯಾದಾಗ ಅವರು ಮೊದಲು ಒಡವೆಗಳನ್ನು, ಆಮೇಲೆ ಒಳ್ಳೇ ಬಟ್ಟೆಗಳನ್ನು, ಕಡೆಗೆ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಮಾರಿದರು. ಮಾರುವುದಕ್ಕೆ ಏನೂ ಉಳಿಯದೆ ಹೋದಾಗಲೂ ಕೂಲಿಗೆ ಹೋಗುವುದಕ್ಕೆ ನಾಚಿಕೆ, ಬೇಡುವುದಕ್ಕೆ ನಾಚಿಕೆ. ಕಾಡಿನಲ್ಲಿ ಎಲೆಗಳನ್ನೂ ಕಾಡುಹಣ್ಣುಗಳನ್ನೂ ತಿಂದು ದಿನಗಳೆದರು. ಕಣ್ಣು ಕಾಣದ ವೃದ್ಧರಾದ ತಂದೆಯು ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣಬಿಡಬೇಕೆಂದು ನಿಶ್ಚಯಮಾಡಿದಾಗ, ಮಗನಾದ ಶ್ರೀನಿವಾಸನು ಕುಲದ ಹೆಮ್ಮೆಯನ್ನು ಬಿಟ್ಟು ಕೂಲಿಮಾಡಿಯಾದರೂ ಸಾಕುವೆನೆಂದು ತಡೆದನು. ಆ ಮಾತು ಬಹಳ ತಡವಾಗಿ ಬಂತು. 1874ನೆಯ ಇಸವಿಯಲ್ಲಿ ತಂದೆಯವರು ತೀರಿಹೋದರು. ಕೆಲವು ವಾರಗಳಲ್ಲಿಯೇ ತಾಯಿಯು ಹಸಿವಿನಿಂದಲೂ ಜ್ವರದಿಂದಲೂ ಸತ್ತಳು. ಹೆಣವನ್ನು ಹೊರುವುದಕ್ಕೆ ಸಾಕಷ್ಟು ಜನರು ಸಿಕ್ಕದೆ ಮಗಳೇ ಚಟ್ಟಕ್ಕೆ ಹೆಗಲುಕೊಡಬೇಕಾಯಿತು. ತರುವಾಯ ಅಕ್ಕನೂ ಸತ್ತಳು. ಎರಡು ವರುಷ ಕಳೆದ ಮೇಲೆ ಧಾತು ಈಶ್ವರ ಸಂವತ್ಸರಗಳ ಮಹಾ ಬರವು ನಮ್ಮ ಧಾರವಾಡ ಸೀಮೆಯನ್ನೂ ಹಿಡಿದು, ಹಗೇವಿನ ಜೋಳವು ತೀರಿದ ಮನೆಗಳವರು ಊರುಬಿಟ್ಟು ಹೋದರು. ಆದಕಾರಣ ಆ ಕುಟುಂಬದ ಸಂಕಟವು ಎಂಥದೆಂದು ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ.

ಅಣ್ಣತಂಗಿಯರಿಬ್ಬರು ಉಳಿದರು. ಅವರು ಕಾಲುನಡಿಗೆಯಿಂದ ಸಾವಿರಾರು ಮೈಲು ತಿರುಗಿ ಕಾಶ್ಮೀರದ ವರೆಗೂ ಹೋದರು. ಪಂಜಾಬಿನಲ್ಲಿ ಝೀಲಂ ನದಿಯ ತೀರದಲ್ಲಿ ಚಳಿಯನ್ನು ತಾಳಲಾರದೆ, ಗೋರಿಗಳ ಹಾಗೆ ಎರಡು ಗುಂಡಿಗಳನ್ನು ತೋಡಿ, ಒಳಗೆ ಮಲಗಿ, ಮೈಮೇಲೆ ಒಣ ಉಸುಕನ್ನು ಎಳೆದುಕೊಂಡು ರಾತ್ರಿಯನ್ನು ಕಳೆದರು. ಇದಕ್ಕಿಂತ ಹೆಚ್ಚಾದ ಬಡತನವನ್ನು ಯಾರೂ ಕೋರಲಾರರು. ಆದರೂ ಅದನ್ನು ಸರಳ ಜೀವಿತವೆಂದು ಕರೆಯಲು ನಮಗೆ ಮನಸ್ಸಿಲ್ಲ. ಅದು ಕೇವಲ ಇಲ್ಲದಿರುವಿಕೆ. ಸರಳತೆಯೆಂಬುದು ಇದ್ದಾಗಲೇ ತಿಳಿದುಬರುವಂಥಾದ್ದು. ರಮಾಬಾಯಿಯವರಿಗೆ ಆ ಪರೀಕ್ಷೆಯು ಇನ್ನೂ ಮುಂದೆ ಇತ್ತು.

1878ರಲ್ಲಿ ಅವರು ಕಲ್ಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂಬ ಬಿರುದನ್ನೂ ಸರಸ್ವತೀ ಎಂಬ ಹೆಸರನ್ನೂ ಕೊಟ್ಟರು. 1880ರಲ್ಲಿ ಅಣ್ಣನು ಸತ್ತನು. ಅದೇ ವರುಷ ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರನ್ನು ಮದುವೆಯಾದರು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ತೀರಿಹೋದನು. ಇಪ್ಪತ್ತಮೂರು ವರುಷದ ವಿಧವೆ, ತೋಳಿನಲ್ಲಿ ಹೆಣ್ಣುಕೂಸು. ಆ ಕಾಲದಲ್ಲಿ ಮೇಲುಜಾತಿಯ ವಿಧವೆಯ ಕೈಬಳೆ ಕೊರಳಸರಗಳನ್ನು ತೆಗೆದುಹಾಕುತ್ತಿದ್ದರು, ತಲೆಯನ್ನು ಬೋಳಿಸುತ್ತಿದ್ದರು, ಗಂಡನ ಮನೆಯಲ್ಲಿ ಆಕೆಗೆ ತನ್ನದೆಂದು ಹೇಳಿಕೊಳ್ಳತಕ್ಕದ್ದು ಒಂದೂ ಉಳಿಯುತ್ತಿರಲಿಲ್ಲ. ಸಾಧುಗಳು ಸ್ವಂತ ಮನಸ್ಸಿನಿಂದ ಬಿಡುವುದನ್ನು ಇವಳಿಂದ ಬಲಾತ್ಕಾರವಾಗಿ ಕಿತ್ತುಕೊಂಡು, ಅದನ್ನೇ ವೈರಾಗ್ಯವೆಂದು ಹೊಗಳುತ್ತಿದ್ದರು. ರಮಾಬಾಯಿಯವರು ಈ ಎರಡರ ಭೇದವನ್ನು ಚೆನ್ನಾಗಿ ಕಂಡರು.

ಪುಣೆಗೆ ಬಂದು ಸ್ತ್ರೀಯರ ಸಮಾಜವೊಂದನ್ನು ಸ್ಥಾಪಿಸಿ, ಸ್ತ್ರೀಧರ್ಮನೀತಿ ಎಂಬ ಪುಸ್ತಕವನ್ನು ಮರಾಠಿಯಲ್ಲಿ ಬರೆದರು. ಅದನ್ನು ಮಾರಿದ ಹಣದಿಂದ 1883ರಲ್ಲಿ ಮಗುವಿನೊಡನೆ ಇಂಗ್ಲಂಡಿಗೆ ಹೋದರು. ಅಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಸಹೋದರಿಯರ ಮಠದಲ್ಲಿದ್ದು, ಅದೇ ವರುಷ ಸೆಪ್ಟೆಂಬರ್ 29ರಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನವನ್ನು ಹೊಂದಿದರು. ಕೆಟ್ಟುಹೋದ ಹೆಂಗಸರನ್ನು ಆ ಸಹೋದರಿಯರು ಅಸಹ್ಯಪಡದೆ ಸಾಕುವುದನ್ನು ನೋಡಿದ್ದೇ ಆಕೆಯ ಮನಸ್ಸನ್ನು ಮೊದಲು ತಿರುಗಿಸಿತು. 1886ರಲ್ಲಿ ಅಮೇರಿಕಕ್ಕೆ ಹೋಗಿ, ಮೇಲುಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದು ಸಾವಿರಗಟ್ಟಲೆ ಮಾರಿಹೋಯಿತು. ಆ ಹಣದಿಂದ ಸುಖವಾಗಿ ಜೀವಿಸಬಹುದಾಗಿತ್ತು. ಆಕೆಯು ಅದನ್ನು ವಿಧವೆಯರ ಶಾಲೆಗಾಗಿ ಮೀಸಲಾಗಿಟ್ಟರು. ಬಾಸ್ಟನ್ ಪಟ್ಟಣದಲ್ಲಿ ಒಂದು ಸಂಘವು ಕೂಡಿ ಹತ್ತು ವರುಷಗಳ ವರೆಗೆ ಶಾಲೆಗೆ ಹಣವನ್ನು ಕಳುಹಿಸುವುದಾಗಿ ಒಪ್ಪಿಕೊಂಡಿತು.

1889ರ ಮಾರ್ಚಿ 11ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವು ತೆರೆಯಲ್ಪಟ್ಟಿತು. ಮರುವರುಷ ಪುಣೆಗೆ ಬಂತು. ಅಲ್ಲಿಯ ಮಕ್ಕಳಲ್ಲಿ ಕೆಲವರು ಕ್ರೈಸ್ತಧರ್ಮದ ಕಡೆಗೆ ಒಲಿದಾಗ 1893ರಲ್ಲಿ ದೊಡ್ಡ ಗದ್ದಲವಾಗಿ ಅನೇಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ವಿವಾದವನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಮಗೆ ಹೆಚ್ಚು ಮುಖ್ಯವಾಗಿ ತೋರುವುದು, ಯಾರೂ ಗದ್ದಲಮಾಡದೆ ಇದ್ದ ಇನ್ನೊಂದು ಕೆಲಸ. ಹತ್ತು ವರುಷಗಳ ಸಹಾಯವು 1898ರಲ್ಲಿ ಮುಗಿಯುವುದೆಂದು ತಿಳಿದು, ರಮಾಬಾಯಿಯವರು ಮುಂಚಿತವಾಗಿಯೇ ಯೋಚಿಸಿ, ಪುಣೆಯಿಂದ ಸುಮಾರು 40 ಮೈಲು ದೂರದಲ್ಲಿ ರೈಲು ದಾರಿಯ ಮೇಲಿರುವ ಕೆಡಗಾಂವದ ಬಳಿಯಲ್ಲಿ ಸುಮಾರು 100 ಎಕರೆ ಭೂಮಿಯನ್ನು ಕೊಂಡರು. ಬಾವಿ ತೋಡಿಸಿ ಹಣ್ಣಿನ ಗಿಡಗಳನ್ನು ನೆಡಿಸಿದರು. ಮುಂದೆ ತೋಟದ ಹುಟ್ಟುವಳಿಯಿಂದ ಶಾಲೆಯು ನಡೆಯಬೇಕೆಂಬುದು ಆಲೋಚನೆ. ತಂದೆಯ ಗದ್ದೆತೋಟಗಳು ಸಾಲಕ್ಕೆ ಹೋದ ವರುಷ ಬುಟ್ಟಿಯೊಳಗಿದ್ದ ಕೂಸೇ ಈಗ ಭೂಮಿಯನ್ನು ಕೊಳ್ಳುತ್ತಿತ್ತು! ನಾಳಿನ ಲೆಕ್ಕವನ್ನಿಡುವುದು ಅವಿಶ್ವಾಸವೆನ್ನುವ ನಮ್ಮ ಸಹೋದರರು ಈ ತೋಟವನ್ನು ಸ್ವಲ್ಪ ನಿಂತು ನೋಡಲಿ. ಪ್ರತಿ ದಿನವೂ ಪ್ರಾರ್ಥನೆಯಲ್ಲಿ ಎಲ್ಲವನ್ನೂ ಬೇಡುತ್ತಿದ್ದ ಸ್ತ್ರೀಯೇ ಗಿಡಕ್ಕೆ ಎಷ್ಟು ನೀರು ಬೇಕೆಂಬುದನ್ನೂ ವಿಚಾರಿಸುತ್ತಿದ್ದರು.

ಆ ತೋಟದ ಹಣ್ಣು ಶಾಲೆಯ ಖರ್ಚಿಗೆ ಒದಗುವುದಕ್ಕೆ ಮುಂಚೆಯೇ 1896ರಲ್ಲಿ ಮಧ್ಯಪ್ರಾಂತದಲ್ಲಿ ಘೋರವಾದ ಬರವು ಬಿತ್ತು. ಸುದ್ದಿಯನ್ನು ಕೇಳಿದಾಗ ರಮಾಬಾಯಿಯವರ ಕಣ್ಣಿನ ಮುಂದೆ ತಮ್ಮ ತಂದೆತಾಯಿಗಳ ಮರಣವು ಬಂದು ನಿಂತಿತು. ಕೈಯಲ್ಲಿ ಹಣವಿರಲಿಲ್ಲ, ಇದ್ದ ಶಾಲೆಯೇ ಸಾಕಷ್ಟು ಭಾರವಾಗಿತ್ತು. ಆದರೂ ತಾವೇ ಹೋಗಿ, ದಾರಿಯ ಬದಿಯಲ್ಲಿಯೂ ಬರದ ಶಿಬಿರಗಳಲ್ಲಿಯೂ ಸಾಯುತ್ತಿದ್ದ ಹೆಣ್ಣುಮಕ್ಕಳನ್ನೂ ಬಾಲವಿಧವೆಯರನ್ನೂ ಕೂಡಿಸಿ, ಸುಮಾರು 300 ಮಂದಿಯನ್ನು ಕರಕೊಂಡು ಬಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿ, ಅಷ್ಟು ಜನರನ್ನು ಊರೊಳಗೆ ಇಡುವುದಕ್ಕೆ ಅಧಿಕಾರಿಗಳು ಬಿಡಲಿಲ್ಲ. ಆಗ ಅವರನ್ನು ಕೆಡಗಾಂವಿನ ತೋಟಕ್ಕೆ ಸಾಗಿಸಿ, ಡೇರೆಗಳಲ್ಲಿಯೂ ಹುಲ್ಲಿನ ಜೋಪಡಿಗಳಲ್ಲಿಯೂ ಇಳಿಸಿದರು. ಹಣಕ್ಕಾಗಿ ಕೊಂಡ ಭೂಮಿಯು ಹೀಗೆ ಜನರಿಗಾಗಿ ಉಪಯೋಗಕ್ಕೆ ಬಂತು. ಮುಕ್ತಿ ಎಂಬ ಸಂಸ್ಥೆಯು ಹುಟ್ಟಿದ್ದು ಹೀಗೆ. ಮತ್ತೊಂದು ಬರವು ಗುಜರಾಥವನ್ನು ಹಿಡಿದ ತರುವಾಯ, 1900ನೆಯ ಇಸವಿಯ ಹೊತ್ತಿಗೆ ಅಲ್ಲಿ 1,500 ಮಂದಿ ನಿವಾಸಿಗಳೂ ನೂರಕ್ಕೆ ಮಿಕ್ಕ ದನಗಳೂ ಇದ್ದವು.

ಇಷ್ಟು ಬಾಯಿಗಳಿಗೆ ದಿನಕ್ಕೆ ಎರಡು ಹೊತ್ತು ಅನ್ನವನ್ನು ಹಾಕುವುದೆಂದರೇನು ಎಂಬುದನ್ನು, ಒಂದು ಮದುವೆಯ ಊಟಕ್ಕೆ ಅಕ್ಕಿಯನ್ನು ಅಳೆದವರು ತಿಳಿದುಕೊಳ್ಳುವರು. ಅಲ್ಲಿ ಎಲ್ಲರೂ ದುಡಿಯಬೇಕಾಗಿತ್ತು. ಓದುಬರಹವನ್ನು ಕಲಿಯುವುದರ ಜೊತೆಗೆ ಹುಡುಗಿಯರು ಮಗ್ಗದಲ್ಲಿ ನೇಯುತ್ತಿದ್ದರು, ಎಣ್ಣೆ ತೆಗೆಯುತ್ತಿದ್ದರು, ಹೈನು ನಡಿಸುತ್ತಿದ್ದರು, ಹೊಲದಲ್ಲಿ ಕಳೆ ಕೀಳುತ್ತಿದ್ದರು, ಅಡಿಗೆ ಮಾಡುತ್ತಿದ್ದರು, ಅಚ್ಚುಕೂಟದಲ್ಲಿ ಮೊಳೆಗಳನ್ನು ಜೋಡಿಸುತ್ತಿದ್ದರು. ಕುರುಡ ಹುಡುಗಿಯರಿಗೆ ಮನೋರಮೆಯವರು ಬೆರಳಿನಿಂದ ಓದುವ ಅಕ್ಷರಗಳನ್ನು ಕಲಿಸಿದರು. ಬ್ರಾಹ್ಮಣರ ಮಗಳೂ ಹೊಲೆಯರ ಮಗಳೂ ಒಂದೇ ಬಾವಿಯ ನೀರನ್ನು ಸೇದಿದರು. ಕೈಕೆಲಸವು ಕೀಳೆಂಬ ಎಣಿಕೆಯಿಂದ ತನ್ನ ಮನೆಯವರು ಹೇಗೆ ಅಳಿದರೆಂಬುದನ್ನು ಕಣ್ಣಾರೆ ಕಂಡವರು ಈ ಏರ್ಪಾಟನ್ನು ಮಾಡಿದರೆಂಬುದನ್ನು ವಾಚಕರು ಮರೆಯಬಾರದು. ಹಣದ ವಿಷಯದಲ್ಲಿಯಾದರೋ, ಸಾಲಮಾಡಿ ಕಟ್ಟಡಗಳನ್ನು ಎಬ್ಬಿಸುವ ವಾಡಿಕೆಯನ್ನು ಆಕೆಯು ಇಟ್ಟುಕೊಳ್ಳಲಿಲ್ಲ. ಬಂದ ಕಾಣಿಕೆಗಳ ಲೆಕ್ಕವು ಕೊಟ್ಟವರ ಮುಂದೆ ವರುಷ ವರುಷವೂ ಅಚ್ಚಾಗಿ ಬರುತ್ತಿತ್ತು.

ತಾವು ಹೇಗಿದ್ದರು? ಬಿಳಿಯ ಅರಿವೆಯ ಸೀರೆ, ಕತ್ತರಿಸಿದ ಕೂದಲು, ಮಾಂಸವಿಲ್ಲದ ಸಾದಾ ಊಟ. ಇಂಗ್ಲಂಡವನ್ನೂ ಅಮೇರಿಕವನ್ನೂ ಕಂಡುಬಂದಿದ್ದರೂ ನಡೆಯುಡೆಗಳಲ್ಲಿ ಈ ದೇಶದ ಹೆಂಗಸಾಗಿಯೇ ಉಳಿದರು. ನೂರು ಎಕರೆ ಭೂಮಿ, ದನಕರು, ಮಗ್ಗ, ಅಚ್ಚುಕೂಟ, ದೊಡ್ಡ ಪ್ರಾರ್ಥನಾಮಂದಿರ ಇವೆಲ್ಲಾ ಆಕೆಯ ಆಳಿಕೆಯಲ್ಲಿದ್ದವು. ಇವುಗಳಲ್ಲಿ ಒಂದನ್ನೂ ತನ್ನ ಸೌಖ್ಯಕ್ಕೋ ಮಗಳ ಬಾಧ್ಯತೆಗೋ ಎಂದು ಎಣಿಸಲಿಲ್ಲ. ಆದರೆ ಇದರ ಇನ್ನೊಂದು ಪಕ್ಕವನ್ನೂ ಹೇಳಬೇಕು. ನಮ್ಮಲ್ಲಿ ಕೆಲವರು ಹರಕು ಬಟ್ಟೆಯನ್ನೇ ಭಕ್ತಿಯೆಂದು ತಿಳಿದು, ಮಕ್ಕಳ ಪುಸ್ತಕಕ್ಕೂ ಔಷಧಕ್ಕೂ ಕೈಬಿಗಿಹಿಡಿಯುತ್ತಾರೆ. ರಮಾಬಾಯಿಯವರು ಹಾಗಲ್ಲ. ತಮ್ಮ ಸೀರೆಗೆ ಕೊಡದ ಹಣವನ್ನು ಅಚ್ಚಿನ ಯಂತ್ರಕ್ಕೆ ಧಾರಾಳವಾಗಿ ಕೊಟ್ಟರು. ಬಾವಿಗೆ, ಎತ್ತಿಗೆ, ಒಳ್ಳೇ ಬೀಜಕ್ಕೆ ಲೋಭಮಾಡಲಿಲ್ಲ. ತಂದೆಯವರು ಕೊಟ್ಟರು, ಮಗಳೂ ಕೊಟ್ಟರು. ತಂದೆಯವರು ಪುಣ್ಯವು ತಮಗೆ ಸೇರಬೇಕೆಂದು ಕೊಟ್ಟು, ಪಡೆದವನು ಅದರಿಂದ ಏನಾದನೆಂದು ವಿಚಾರಿಸಲಿಲ್ಲ. ಮಗಳಾದರೋ, ಕೊಟ್ಟದ್ದರಿಂದ ಒಬ್ಬ ಹುಡುಗಿಯು ಎದ್ದು ನಿಂತಳೋ ಇಲ್ಲವೋ ಎಂಬುದನ್ನು ದಿನಾಲು ನೋಡುತ್ತಿದ್ದರು. ಕೊಟ್ಟದ್ದಕ್ಕೆ ಪ್ರತಿಫಲವು ಬೇಕೆಂಬ ಆಸೆಯು ಬಿಟ್ಟುಹೋದುದು ಕ್ರಿಸ್ತನ ಕೃಪೆಯನ್ನು ಉಚಿತವಾಗಿ ಹೊಂದಿದ ಮೇಲೆಯೇ ಎಂದು ಆಕೆಯ ಜೀವಿತವನ್ನು ಓದುವವರಿಗೆ ತೋರದೆ ಇರದು.

ಇಷ್ಟಾದರೂ ಆಕೆಯಲ್ಲಿ ತಪ್ಪುಹಿಡಿದವರು ಇದ್ದರು. ಅಷ್ಟು ಮಂದಿಯನ್ನು ಒಬ್ಬಳ ಆಳಿಕೆಯಲ್ಲಿಡುವುದು ಸರಿಯೇ ಎಂದು ಕೇಳಿದವರುಂಟು. ಆಕೆಯ ಸ್ವಭಾವವು ದೃಢವಾದದ್ದು. ಒಂದು ಸಲ ನಿಶ್ಚಯಿಸಿದ್ದನ್ನು ಪುಣೆಯ ಪಂಡಿತರ ಮಾತಿಗಾಗಲಿ, ಇಂಗ್ಲಂಡಿನ ಸಹೋದರಿಯರ ಮಾತಿಗಾಗಲಿ ಬಿಡುವವರಲ್ಲ. ಅಂಥ ದೃಢತೆಯಿಂದ ಕೆಲವರಿಗೆ ನೋವಾದದ್ದೂ ಉಂಟು. ಹಣದ ವಿಷಯದಲ್ಲಿ ಮಾತ್ರ ಆಕೆಯನ್ನು ಚೆನ್ನಾಗಿ ಬಲ್ಲವರು ಸಂಶಯಪಡಲಿಲ್ಲ.

ಕೊನೆಯ ವರುಷಗಳಲ್ಲಿ ಆಕೆಯು ಹೆಚ್ಚಾಗಿ ಒಂದೇ ಕೆಲಸಕ್ಕೆ ಕೈಹಾಕಿದ್ದರು. ಹಳ್ಳಿಯ ಹೆಂಗಸರು ಓದಿ ತಿಳಿಯತಕ್ಕಂಥ ಸುಲಭವಾದ ಮರಾಠಿಯಲ್ಲಿ ಸತ್ಯವೇದವು ಇರಬೇಕೆಂದು, ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ತಾವೇ ಭಾಷಾಂತರಿಸಿದರು. ದೊಡ್ಡ ಶಾಸ್ತ್ರಿಗಳ ಮಗಳಿಗೆ ಸಂಸ್ಕೃತದ ದೊಡ್ಡ ಪದಗಳಿಗೇನೂ ಕೊರತೆಯಿರಲಿಲ್ಲ. ಅವುಗಳನ್ನು ಸಹ ಬಿಟ್ಟುಕೊಟ್ಟರು. ವಿದ್ಯೆಯೂ ಒಂದು ಸೊತ್ತೆಂದು ಎಣಿಸುವವರಿಗೆ ಈ ತ್ಯಾಗದ ತೂಕವು ತಿಳಿಯುವುದು. ಈ ಮಧ್ಯದಲ್ಲಿ ಕನ್ನಡ ನಾಡನ್ನೂ ಮರೆಯಲಿಲ್ಲ. ಆಗ ನಿಜಾಮರ ಆಳಿಕೆಯಲ್ಲಿದ್ದ ಗುಲ್ಬರ್ಗದಲ್ಲಿ 1912ರ ಸುಮಾರಿಗೆ ಒಂದು ಶಾಲೆಯನ್ನು ತೆರೆದು ಮನೋರಮೆಯವರನ್ನು ಅದರ ಮೇಲ್ವಿಚಾರಣೆಗೆ ಕಳುಹಿಸಿದರು. 1919ರಲ್ಲಿ ಸರ್ಕಾರದಿಂದ ಕೈಸರ್-ಇ-ಹಿಂದ್ ಪದಕವು ಬಂತು.

1921ನೆಯ ಇಸವಿ ಜುಲಾಯಿ 24ರಲ್ಲಿ ಮನೋರಮೆಯವರು ನಲವತ್ತು ವರುಷದ ಪ್ರಾಯದಲ್ಲಿ ತೀರಿಹೋದರು. ತಾಯಿಗೆ ಉಳಿದಿದ್ದ ಒಬ್ಬಳೇ ಮಗಳು. ತನ್ನ ತರುವಾಯ ಕೆಲಸವನ್ನು ವಹಿಸುವಳೆಂದು ಕಾದಿದ್ದ ಮಗಳು. ರಮಾಬಾಯಿಯವರು ಆಗ ಕಿವಿ ಮಂದವಾಗಿ ದೇಹದಲ್ಲಿ ಬಹಳ ಕುಗ್ಗಿದ್ದರೂ ಭಾಷಾಂತರದ ಹಾಳೆಗಳನ್ನು ತಿದ್ದುವ ಕೆಲಸವನ್ನು ನಿಲ್ಲಿಸಲಿಲ್ಲ. ಆ ಕೆಲಸವು ಮುಗಿದ ಕೆಲವು ಕಾಲದಲ್ಲಿಯೇ, 1922ನೆಯ ಇಸವಿ ಏಪ್ರಿಲ್ 5ರಲ್ಲಿ ನಿದ್ರೆಯಲ್ಲಿಯೇ ಪ್ರಾಣವು ಹೋಯಿತು. ಒಡಹುಟ್ಟಿದವರಾಗಲಿ, ಗಂಡನಾಗಲಿ, ಮಗಳಾಗಲಿ ಬಾಧ್ಯಸ್ಥರಾಗಿ ನಿಲ್ಲುವುದಕ್ಕೆ ಯಾರೂ ಇರಲಿಲ್ಲ. ಕೆಡಗಾಂವಿನ ಹೊಲದಲ್ಲಿ ಅಂದಿಗೂ ಬಿತ್ತನೆ ನಡೆಯಿತು, ಹಸುಗಳನ್ನು ಕರೆದರು, ಅಡಿಗೆಯ ಒಲೆಗಳು ಉರಿದವು. ಅಚ್ಚುಕೂಟದ ಹುಡುಗಿಯರು ಮೊಳೆಗಳನ್ನು ಜೋಡಿಸುತ್ತಾ ಉಳಿದ ಪುಟಗಳನ್ನು ಮುಗಿಸಿದರು. ಮುಕ್ತಿ ಸದನವು ಇಂದಿಗೂ ಅದೇ ನೆಲದ ಮೇಲೆ ದಿಕ್ಕಿಲ್ಲದ ಹೆಂಗಸರನ್ನೂ ಮಕ್ಕಳನ್ನೂ ಸಾಕುತ್ತಾ ಇದೆ.